ಮಗ್ಗದ ಮನೆಯ ಟ್ಯಾಬ್

ನಾನು ಒಂದು ಟ್ಯಾಬ್. ಹುಟ್ಟಿದಾಗ ಅಳಲಿಲ್ಲ, ಬೆಳಗಿದೆ. ಕಾರ್ಖಾನೆಯಲ್ಲಿ ಬಿಳಿ ಕೈಗವಸಿನ ಹುಡುಗಿಯೊಬ್ಬಳು ನನ್ನ ಮುಖವನ್ನು ಕೆಂಪು ಮಾಡಿದಳು, ಹಸಿರು ಮಾಡಿದಳು, ನೀಲಿ ಮಾಡಿದಳು. ಪರದೆಯ ಒಂದು ಚುಕ್ಕೆಯೂ ಸತ್ತಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ಬೆನ್ನಿಗೆ ಚೀಟಿ ಅಂಟಿಸಿದಳು. ಅವಳು ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದಳು. ನಾನು ಕಂಡ ಮೊದಲ ಮನುಷ್ಯಜೀವಿಗೆ ಬಾಯಿ ಇರಲಿಲ್ಲ.

ಆಮೇಲೆ ಪೆಟ್ಟಿಗೆಯ ಕತ್ತಲು. ಕತ್ತಲು ತೆರೆದಾಗ ಬಾಗಲಕೋಟೆ ಕಡೆಯ ಒಂದು ನೇಕಾರರ ಊರಿನ ಸರ್ಕಾರಿ ಶಾಲೆಯಲ್ಲಿದ್ದೆ. ಹೆಡ್‌ಮಾಸ್ತರ್ ಮಕ್ತುಮಸಾಬ ನದಾಫರು ನನ್ನನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು, ಆಗತಾನೇ ಹುಟ್ಟಿದ ಕೂಸನ್ನು ಒಪ್ಪಿಸುವಂತೆ ಮುಂದೆ ಚಾಚಿದರು.

"ತಗೋರಿ ಅಕ್ಕೋರ. ಟ್ರೇನಿಂಗ್ ಮುಗಿಯೂತನಕ ಇದು ನಿಮ್ಮದು. ಹಗೂರಕ ಹಿಡೀರಿ, ಇದು ಬಿದ್ರ ನಾನೂ ಬಿದ್ದಂಗ."

"ಹಂಗಾದ್ರ ನೀವ ಹಿಡಕೋರಿ ಸರ. ನನ್ನ ಕೈಯಾಗ ಸೀಮಿಸುಣ್ಣಾನ ನಿಂದ್ರವಲ್ದು," ಎಂದರು ನೀಲಾಂಬಿಕಾ ಕಮತಗಿ.

ಅವರು ಮೂರನೆಯ ತರಗತಿಯ ಟೀಚರು. ಮಕ್ಕಳ ಬಾಯಲ್ಲಿ ಅಕ್ಕೋರು. ಅವರ ಧ್ವನಿ ಆಗಲೇ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ವರ್ಷಗಟ್ಟಲೆ ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ಹೀಗಾಗಿದೆ ಎಂದು ಎಲ್ಲರೂ ತಿಳಿದಿದ್ದರು.

ಅಕ್ಕೋರ ಮನೆಯಲ್ಲಿ ನನ್ನ ಜಾಗ ಜೋಳದ ಹಿಟ್ಟಿನ ಡಬ್ಬಿಗೆ ಒರಗಿ. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಅವರ ಗದ್ದ, ಮೂಗಿನ ಕೆಳಭಾಗ, ಅದರಾಚೆ ತಿರುಗುವ ಫ್ಯಾನು. ಒಳಗಿನ ಕೋಣೆಯಲ್ಲಿ ಕುಣಿಮಗ್ಗ. ಅಕ್ಕೋರ ಗಂಡ ಪಂಪಣ್ಣ ಆ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು. ಖಟ್, ಖಟ್, ಖಟ್. ಆ ಮನೆಯ ಗೋಡೆಗಳೂ ಅದೇ ಲಯದಲ್ಲಿ ಉಸಿರಾಡುತ್ತಿದ್ದವು. ನನ್ನನ್ನು ನಿಲ್ಲಿಸಿದ ಹಲಗೆ ನಡುಗುತ್ತಿತ್ತು, ನಾನೂ ನಡುಗುತ್ತಿದ್ದೆ.

ಸಂಜೆ ಆನ್‌ಲೈನ್ ತರಬೇತಿ. ಶಿಕ್ಷಕರಿಗೆ ಪಾಠದ ವೀಡಿಯೋ ಮಾಡುವುದು, ಮಕ್ಕಳಿಗೆ ಕಳಿಸುವುದು, ಇಂಥವನ್ನೆಲ್ಲ ಕಲಿಸುವ ತರಬೇತಿ. ಅಕ್ಕೋರು ನನ್ನನ್ನು ತೋರುಬೆರಳಿನಿಂದ ಮುಟ್ಟಿ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು, ಕಾದ ಹಂಚು ಮುಟ್ಟಿದವರಂತೆ. ಮೊದಲ ದಿನವೇ ಪರದೆಯಿಂದ ಒಂದು ಶಹರದ ಧ್ವನಿ ಸಿಡಿಯಿತು. ಅದು ತರಬೇತಿ ಕೊಡುವ ಸಾಹೇಬರದು.

"ಯಾರ್ರೀ ಅದು ಮಗ್ಗ ಇಟ್ಕೊಂಡು ಕೂತಿರೋದು? ಟೀಚಿಂಗ್ ಮಾಡ್ತೀರೋ ನೇಯ್ಗೆ ಮಾಡ್ತೀರೋ? ಮ್ಯೂಟ್ ಮಾಡಿ! ಶಿಕ್ಷಕರಿಗೇ ಶಿಸ್ತಿಲ್ಲ ಅಂದ್ರೆ ಮಕ್ಕಳಿಗೆ ಏನು ಕಲಿಸ್ತೀರಿ?"

ಚಿಕ್ಕ ಚಿಕ್ಕ ಚೌಕಗಳಲ್ಲಿ ತಾಲೂಕಿನ ಟೀಚರುಗಳ ಮುಖಗಳು ನಕ್ಕವು. ಯಾರೋ ಪರದೆಯ ಪಕ್ಕದಲ್ಲಿ ಬರೆದರು: "ಸೀರಿ ಮುಗದ ಮ್ಯಾಲ ನಮಗೂ ಒಂದು ಕೊಡ್ರಿ ಮೇಡಂ." ಅಕ್ಕೋರ ಗದ್ದ ಅಲುಗಿತು. ಮೈಕಿನ ಗುರುತು ಎಲ್ಲಿದೆಯೆಂದು ಹುಡುಕುತ್ತ ಅವರ ಬೆರಳು ನನ್ನ ಮುಖದ ತುಂಬ ಅಲೆದಾಡಿತು. ಕೊನೆಗೆ ಸಿಕ್ಕಿತು. ಮೈಕಿನ ಮೇಲೆ ಕೆಂಪು ಗೆರೆ ಬಿತ್ತು. ನಗು ನಿಂತಿತು.

ಅಂದಿನಿಂದ ಅವರು ಉಳಿದಿದ್ದೆಲ್ಲ ಮರೆತರೂ ಅದೊಂದನ್ನು ಮರೆಯಲಿಲ್ಲ. ಮ್ಯೂಟ್ ಎಂದರೆ ಮನೆಯ ಗದ್ದಲ ಹೊರಗೆ ಹೋಗದಂತೆ ಮಾಡುವುದು ಎಂದಷ್ಟೇ ಅವರು ತಿಳಿದಿದ್ದರು. ಆಪ್ ತೆರೆದ ಕೂಡಲೇ ಮೊದಲು ಮ್ಯೂಟ್. ದೊಡ್ಡವರ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಂತೆ.

ತರಬೇತಿಯ ನಡುವೆ ಒಂದು ವಾರ ಅಕ್ಕೋರು ಕಾಣಲಿಲ್ಲ. ಶಹರದ ಆಸ್ಪತ್ರೆಗೆ ತೋರಿಸಿಕೊಂಡು ಊರಿಗೆ ಮರಳಿದ ಸಂಜೆ ಗಂಡ ಹೆಂಡತಿ ನನ್ನ ಎದುರಿಗೇ ಕೂತರು. ಮಗ್ಗ ನಿಂತಿತ್ತು.

"ಗಂಟಲದಾಗ ಗಂಟು ಬೆಳದದ. ಧ್ವನಿಪೆಟ್ಟಿಗಿನ ತಗೀತಾರಂತ," ಎಂದರು ಅಕ್ಕೋರು. "ಜೀವಕ್ಕೇನು ಆಗಂಗಿಲ್ಲಂತ. ಮಾತು ಮಾತ್ರ ಹೋಗತದ."

ಪಂಪಣ್ಣ ಅಂಗೈ ನೋಡಿಕೊಂಡರು. "ನನ್ನ ಬೈಯಾವ್ರು ಯಾರು ಇನ್ನ?" ಎಂದರು. ನಗಿಸಲು ಹೇಳಿದ ಮಾತು. ಇಬ್ಬರೂ ನಗಲಿಲ್ಲ.

"ನಿಮ್ಮದು ಹೋಗ್ಲಿ. ನನ್ನ ಹುಡುಗೂರಿಗೆ ಓದಾಕ ಇನ್ನೂ ಬಾಯಿ ಬಂದಿಲ್ಲ. ಮುಂದ ನಾ ಓದಿದ್ರ ಅವು ಹಿಂದ ಓದತಾವ. ವರ್ಷದ ಪಾಠ ಎಲ್ಲಾ ಇದರಾಗ ಹಾಡಿ ಓದಿ ಇಟ್ಟು ಹೋಗತೀನಿ. ನಾ ಮೂಕಿ ಆದ್ರೂ ಅವು ನನ್ನ ದನಿಲೇ ಕಲೀಲಿ," ಎಂದು ಅಕ್ಕೋರು ನನ್ನ ಕಡೆ ಕೈ ಮಾಡಿದರು.

ನನ್ನ ಇಡೀ ಬಾಳಿನಲ್ಲಿ ಒಬ್ಬರು ನನ್ನಿಂದ ಏನನ್ನಾದರೂ ನಿಜವಾಗಿ ಬೇಡಿದ್ದು ಅದೊಂದೇ ಸಲ.

ಅವರಿಗೆ ಗೊತ್ತಿದ್ದದ್ದು ತರಬೇತಿಯ ಮೀಟಿಂಗ್ ಆಪ್ ಒಂದೇ. ಅದರಲ್ಲಿ ತಾವೊಬ್ಬರೇ ಒಂದು ಮೀಟಿಂಗ್ ತೆರೆದು, ರೆಕಾರ್ಡ್ ಒತ್ತಿ, ಪಾಠ ಮಾಡಲು ಶುರುಮಾಡಿದರು. ಆ ಹೊತ್ತಿಗೆ ಪಂಪಣ್ಣ ಮಗ್ಗ ನಿಲ್ಲಿಸುತ್ತಿದ್ದರು. ಕುಣಿಯೊಳಗೆ ಕಾಲು ಬಿಟ್ಟುಕೊಂಡೇ, ಲಾಳಿಯನ್ನು ತೊಡೆಯ ಮೇಲಿಟ್ಟು, ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೊತ್ತಿ ಕೂರುತ್ತಿದ್ದರು. ಅಂಥ ನಿಶ್ಶಬ್ದ ಆ ಮನೆಗೆ ಹೊಸದು.

ಆ ನಿಶ್ಶಬ್ದದಲ್ಲಿ ಅಕ್ಕೋರು ಹಾಡಿದರು, ಓದಿದರು, ಹುಲಿಯಂತೆ ಗುರುಗುಟ್ಟಿದರು, ಕಪ್ಪೆಯಂತೆ ವಟಗುಟ್ಟಿದರು. ನೋವಾದಾಗ ಬಿಸಿನೀರು ಕುಡಿದು ಮತ್ತೆ ಓದಿದರು. ಆದರೆ ಎಲ್ಲಕ್ಕಿಂತ ಮೊದಲು, ಪ್ರತಿ ಸಲ, ಶಿಸ್ತಾಗಿ ಮ್ಯೂಟ್ ಒತ್ತಿರುತ್ತಿದ್ದರು.

ನಾನು ಸುಮ್ಮನಿರಲಿಲ್ಲ. ಅವರು ಬಾಯಿ ತೆರೆದಾಗಲೆಲ್ಲ ನನ್ನ ಮುಖದ ಕೆಳಗೆ ಒಂದು ಸಾಲು ಮೂಡಿಸಿದೆ: 'ನೀವು ಮ್ಯೂಟ್ ಆಗಿದ್ದೀರಿ.' ನನಗೆ ಕೊಟ್ಟ ಮಾತು ಅಷ್ಟೇ. ಅಕ್ಕೋರು ಕನ್ನಡಕ ಮೇಲೇರಿಸಿ ಅದನ್ನು ಓದಿದರು. ಮುಖ ಅರಳಿತು.

"ಆಗೇನ್ರಿ, ಆಗೇನಿ," ಎಂದು ನನಗೆ ತಲೆಯಾಡಿಸಿದರು. ಸಾಹೇಬರು ಈ ಸಲ ಮೆಚ್ಚಿಕೊಂಡರು ಎಂದುಕೊಂಡರೋ ಏನೋ. ಪಾಠ ಮುಂದುವರಿಯಿತು. ನನ್ನ ಸಾಲು ತಾನಾಗಿ ಮರೆಯಾಯಿತು. ಮತ್ತೆ ಮೂಡಿಸಿದೆ. ಅವರು ಮತ್ತೆ ತಲೆಯಾಡಿಸಿದರು.

ಪಾಠ ಮುಗಿದ ಕೂಡಲೇ ಪಂಪಣ್ಣ ಕಳೆದ ಹೊತ್ತನ್ನು ಹಿಡಿಯಲು ದುಪ್ಪಟ್ಟು ವೇಗದಲ್ಲಿ ಮಗ್ಗ ಓಡಿಸುತ್ತಿದ್ದರು. ಆ ಖಟಖಟದ ನಡುವೆ ಅಕ್ಕೋರು ತಮ್ಮ ವೀಡಿಯೋವನ್ನು ಒಂದು ಕ್ಷಣ ನಡೆಸಿ ನೋಡುತ್ತಿದ್ದರು. ತುಟಿ ಆಡುತ್ತಿತ್ತು. "ಬಂದೈತಿ," ಎನ್ನುತ್ತಿದ್ದರು. ದನಿ ಕೇಳಿಸದಿದ್ದರೆ ಅದು ಮಗ್ಗದ ಗದ್ದಲಕ್ಕೆ ಎಂದುಕೊಳ್ಳುತ್ತಿದ್ದರು.

ಕೊನೆಯ ಪಾಠ ಮುಗಿಸಿದ ಮರುದಿನ ಅವರು ಆಸ್ಪತ್ರೆಗೆ ಹೋದರು.

ಮರಳಿ ಬಂದು ಶಾಲೆಗೆ ಹೋದ ದಿನ ಕೊರಳಿಗೆ ಬಿಳಿ ವಸ್ತ್ರ ಸುತ್ತಿಕೊಂಡಿದ್ದರು. ನನ್ನನ್ನು ತರಗತಿಯ ಮೇಜಿನ ಮೇಲೆ ನಿಲ್ಲಿಸಿ, ಮಕ್ಕಳನ್ನು ಹತ್ತಿರ ಕರೆಯುವಂತೆ ಕೈಸನ್ನೆ ಮಾಡಿ, ವೀಡಿಯೋ ಹಚ್ಚಿದರು. ಮಕ್ಕಳ ಮೂಗುಗಳು ನನ್ನ ಗಾಜಿಗೆ ತಾಗಿದವು.

"ಅಕ್ಕೋರ, ಆವಾಜ್ ಬರವಲ್ದು," ಎಂದಳು ಮುಂದೆ ಕೂತಿದ್ದ ಅಂಬವ್ವ.

ಅಕ್ಕೋರು ಆವಾಜು ಹೆಚ್ಚಿಸಿದರು. ಪೂರ್ತಿ ಹೆಚ್ಚಿಸಿದರು. ಇನ್ನೊಂದು ಪಾಠ ತೆರೆದರು. ಅದರಲ್ಲೂ ಅವರು ಹಾಡುತ್ತಿದ್ದರು, ಕಪ್ಪೆಯಂತೆ ಕೆನ್ನೆ ಉಬ್ಬಿಸುತ್ತಿದ್ದರು. ಮಕ್ಕಳು ತುಟಿ ನೋಡಿ ಊಹಿಸಲು ತೊಡಗಿದವು. "ಮ ಅಂದ್ರು." "ಇಲ್ಲಲೇ, ಪ ಅಂದ್ರು." "ಹೋಗಲೇ, ನಿನಗ ಏನು ಗೊತ್ತು, ಬ ಅದು."

ಗಲಾಟೆ ಕೇಳಿ ನದಾಫರು ಬಂದರು. ಒಂದೊಂದೇ ಪಾಠ ತೆರೆದು ಕಿವಿಗಿಟ್ಟುಕೊಂಡರು. ಅವರ ಕಿವಿಯ ಬಿಸಿ ನನಗೆ ತಾಗಿತು. ಎಲ್ಲ ಮುಗಿದ ಮೇಲೆ ಸಿಟ್ಟಿನಿಂದ ನನ್ನ ಬೆನ್ನಿಗೊಂದು ಬಡಿದರು. "ಈ ಡಬ್ಬೀನ ಸುಮಾರೈತ್ರಿ ಅಕ್ಕೋರ. ನಿಮ್ಮದೇನೂ ತಪ್ಪಿಲ್ಲ."

ಅಕ್ಕೋರು ಬೇಡವೆಂದು ತಲೆಯಲ್ಲಾಡಿಸಿ ಸೀಮೆಸುಣ್ಣ ತೆಗೆದುಕೊಂಡರು. ಕರಿಹಲಗೆಯ ಮೇಲೆ ಬರೆದರು: 'ಮ್ಯೂಟ್ ನಾನೇ ಮಾಡಿದ್ದೆ.' ಅಕ್ಷರ ದುಂಡಗೆ, ತಲೆಕಟ್ಟು ಸರಿಯಾಗಿ, ಮಕ್ಕಳಿಗೆ ಕಾಪಿ ಬರೆಸುವ ಹಾಗೆ. ಬರೆದದ್ದನ್ನು ಮಕ್ಕಳು ಒಟ್ಟಿಗೆ ಜೋರಾಗಿ ಓದಿಬಿಟ್ಟವು. ಆಮೇಲೆ ಅವಕ್ಕೂ ಏನೋ ತಿಳಿದಂತಾಗಿ ಸುಮ್ಮನಾದವು.

ಅದೇ ವಾರ ನನ್ನ ಪರದೆಯ ಮೇಲೆ ಅಂಚಿಗೆ ಹೂಬಳ್ಳಿ ಇದ್ದ ಪ್ರಮಾಣಪತ್ರ ಬಂತು. ಶ್ರೀಮತಿ ನೀಲಾಂಬಿಕಾ ಕಮತಗಿ ಇವರು ಡಿಜಿಟಲ್ ಸಾಧನಗಳ ಬಳಕೆಯ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿದ್ದಾರೆ.

ಆಮೇಲೂ ಅಕ್ಕೋರು ಕೆಲವು ದಿನ ಶಾಲೆಗೆ ಬಂದರು. ಪಾಠ ನದಾಫರೇ ಮಾಡುತ್ತಿದ್ದರು. ಅಕ್ಕೋರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಅವರಿಗೆ ತ್ರಾಸು ಕೊಡಬ್ಯಾಡ್ರಿ, ಅವರು ಬಂದ್ರ ಮಿಸುಕಬ್ಯಾಡ್ರಿ," ಎಂದು ನದಾಫರು ಮಕ್ಕಳಿಗೆ ಹೇಳಿಟ್ಟಿದ್ದರು. ಹೇಳಬೇಕಾದ್ದೂ ಇರಲಿಲ್ಲ. ಅಕ್ಕೋರ ನೆರಳು ಬಾಗಿಲಿಗೆ ಬಿದ್ದರೆ ಸಾಕು, ಕುಸ್ತಿ ಹಿಡಿದಿದ್ದ ಹುಡುಗರು ಬಿಟ್ಟು ಕೂರುತ್ತಿದ್ದರು. ಅಂಬವ್ವ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಹೆದರಿಸುತ್ತಿದ್ದಳು. ಇಡೀ ತರಗತಿ ಕೈಕಟ್ಟಿ ಕೂರುತ್ತಿತ್ತು, ಪ್ರೀತಿಯಿಂದ. ಅಕ್ಕೋರು ಒಂದಿಷ್ಟು ಹೊತ್ತು ನಿಂತು, ಕಾದು, ಹೋಗುತ್ತಿದ್ದರು. ಒಂದು ದಿನ ಬರುವುದನ್ನೇ ಬಿಟ್ಟರು.

ಬದಲಿಗೆ ಹೊಸ ಟೀಚರು ಬಂದರು, ಸುನಯನಾ ಎಂದು. ಚುರುಕು ಬೆರಳು. ನನ್ನೊಳಗೆ ಜಾಗ ಸಾಲದೆಂದು ಹುಡುಕಿದಾಗ ಆ ಪಾಠಗಳು ಸಿಕ್ಕವು. ಒಂದನ್ನು ತೆರೆದರು. "ದನಿನ ಇಲ್ಲ, ಕೆಟ್ಟಾವ," ಎಂದು ಎಲ್ಲವನ್ನೂ ಒಟ್ಟಿಗೆ ಅಳಿಸಿದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಕೈಯಲ್ಲಿ ನಾನು ಒಂದೆರಡು ವರ್ಷ ಹಾಜರಿ ಹಿಡಿದೆ, ಬಿಸಿಯೂಟದ ಫೋಟೋ ತೆಗೆದೆ. ಒಮ್ಮೆ ಬಿದ್ದು ಮೂಲೆ ಬಿರುಕು ಬಿಟ್ಟಿತು. ಹೊಟ್ಟೆಯೊಳಗಿನ ಬ್ಯಾಟರಿ ಉಬ್ಬಿ ನನ್ನ ಬೆನ್ನೇ ಬಾಗಿತು.

ಈಗ ಆಫೀಸಿನ ಕಬ್ಬಿಣದ ಕಪಾಟಿನಲ್ಲಿದ್ದೇನೆ. ಮೇಲೆ ಮುರಿದ ಗ್ಲೋಬು, ಪಕ್ಕದಲ್ಲಿ ಹಳೆಯ ಹಾರ್ಮೋನಿಯಂ. ಇಲ್ಲಿ ಯಾರೂ ಯಾರನ್ನೂ ಮ್ಯೂಟ್ ಮಾಡಬೇಕಿಲ್ಲ.

ಮ್ಯೂಟ್ ಮಾಡಿದರೆ ನನ್ನಂಥವು ಕಿವುಡಾಗುತ್ತವೆ ಎಂದು ಮನುಷ್ಯರು ತಿಳಿದಿದ್ದಾರೆ. ಹಾಗಲ್ಲ. ನಾವು ಕೇಳುತ್ತಲೇ ಇರುತ್ತೇವೆ. ಕೇಳಿದ್ದನ್ನು ಯಾರಿಗೂ ಕೊಡದೆ ಅಲ್ಲೇ ಎಸೆಯಬೇಕು, ಅಷ್ಟೇ ಅಪ್ಪಣೆ. ಅಕ್ಕೋರು ಮನಸ್ಸಿಟ್ಟು ಮಾಡಿದ ಆ ಪಾಠಗಳನ್ನು ಕೇಳಿದವರು ಇಬ್ಬರು. ಕುಣಿಯೊಳಗೆ ಉಸಿರು ಬಿಗಿಹಿಡಿದು ಕೂತ ಪಂಪಣ್ಣ ಒಬ್ಬರು, ನಾನೊಬ್ಬ. ಪಂಪಣ್ಣ ಕೂಡ ಕೊನೆಯ ಪಾಠದ ದಿನ ಆಸ್ಪತ್ರೆಯ ಬುತ್ತಿಗೆ ಸಾಮಾನು ತರಲು ಪೇಟೆಗೆ ಹೋಗಿದ್ದರು. ಹಾಗಾಗಿ ಆ ಪಾಠದ ತುದಿಗೆ, ಪುಸ್ತಕ ಮುಚ್ಚಿಟ್ಟು, ನನ್ನ ಕಣ್ಣಿಗೆ ಕಣ್ಣಿಟ್ಟು ಅಕ್ಕೋರು ಮಕ್ಕಳಿಗೆ ಹೇಳಿದ ಮಾತು ನನಗೊಬ್ಬನಿಗೇ ಗೊತ್ತು. ಎಸೆಯಲಾಗದೆ ಇಟ್ಟುಕೊಂಡಿದ್ದೇನೆ.

"ಕೇಳ್ರಿ ಇಲ್ಲೆ. ಇಷ್ಟು ದಿನ ಗದ್ದಲ ಮಾಡಬ್ಯಾಡ್ರಿ, ಗದ್ದಲ ಮಾಡಬ್ಯಾಡ್ರಿ ಅಂತ ನಿಮ್ಮನ್ನ ಬೈಕೋತ ಬಂದೆ. ಇನ್ನ ಬೈಯಾಕ ಆಗಂಗಿಲ್ಲ. ಡಾಕ್ಟರು ಮಾತು ಒಂದ ತಗೀತಾರ, ಕಿವಿ ತಗಿಯಂಗಿಲ್ಲ. ನಾ ಬಾಗಲದಾಗ ಬಂದು ನಿಂತರ ಯಾರೂ ಸುಮ್ಮ ಕುಂದರಬ್ಯಾಡ್ರಿ. ಗದ್ದಲ ಮಾಡ್ರಿ. ನಾ ಅದನ್ನ ಕೇಳಾಕ ಬರತೀನಿ."