ಖಾಲಿ ಗೋಡೆಗೊಂದು ರೈಲು

ಯುದ್ಧ, ಬರಗಾಲ, ಸರ್ಕಾರಗಳ ಪತನ ಮುಂತಾದ ಸಣ್ಣಪುಟ್ಟ ವಿಷಯಗಳನ್ನು ನೋಡಿಕೊಳ್ಳಲು ಬೇರೆ ಜನ ಇದ್ದಾರೆ. ಇಲ್ಲಿ ಹೇಳಬೇಕಾದ ಸಂಗತಿ ಅವೆಲ್ಲಕ್ಕಿಂತ ಗಂಭೀರವಾದದ್ದು: ಒಂದು ಮನೆಯ ಮಹಡಿ ಕೋಣೆಯ ನಾಲ್ಕು ಗೋಡೆಗಳಲ್ಲಿ ಒಂದು, ಆರು ತಿಂಗಳಿಂದ ಖಾಲಿ ಇತ್ತು.

ಕೋಣೆ ಮೊದಲು ಮಗಳದು. ಅವಳು ಮದುವೆಯಾಗಿ ಹೋದ ವಾರವೇ ಅಪ್ಪ ಅಲ್ಲಿ ಪ್ಲೈವುಡ್ ಹಾಸಿ, ಬೆರಳಗಲದ ಹಳಿ ಜೋಡಿಸಿ, ಆಟಿಕೆ ರೈಲು ಬಿಟ್ಟರು. ಆಟಿಕೆ ಅಂದರೆ ಅವರಿಗೆ ಕೋಪ ಬರುತ್ತಿತ್ತು, ಮಾದರಿ ಅನ್ನಬೇಕು. ಮೂವತ್ತನಾಲ್ಕು ವರ್ಷ ರೈಲ್ವೆ ಕ್ಯಾಬಿನ್ನಿನಲ್ಲಿ ಸಿಗ್ನಲ್ ಏರಿಳಿಸುವ ಲಿವರ್ ಎಳೆದು ನಿವೃತ್ತರಾದವರು. ಬೀದಿಯವರು ಅವರನ್ನು ಕ್ಯಾಬಿನ್ ಎಂದೇ ಕರೆಯುತ್ತಿದ್ದರು, ಎದುರಿಗೆ ಸಿಕ್ಕಾಗ ಮಾತ್ರ ಒಂದು ‘ಸಾರ್’ ಸೇರಿಸಿ.

ಮಾದರಿಯಲ್ಲಿ ಬೆಂಕಿಕಡ್ಡಿಯಷ್ಟು ಉದ್ದದ ಸಿಗ್ನಲ್ ಇತ್ತು. ಅದರ ಕೈ ಕೆಳಗಿಳಿದಿದ್ದರೆ ರೈಲು ಹೋಗಬಹುದು, ಅಡ್ಡಕ್ಕಿದ್ದರೆ ನಿಲ್ಲಬೇಕು. ಕೊನೆಯ ಡಬ್ಬಿಯ ಬೆನ್ನಿಗಿರುವ ಕೆಂಪು ದೀಪ ಸಿಗ್ನಲ್ ದಾಟಿದೊಡನೆ ಕೈಯನ್ನು ಮತ್ತೆ ಅಡ್ಡಕ್ಕೆ ತರಬೇಕು. ಇಲ್ಲದಿದ್ದರೆ ಹಿಂದಿನಿಂದ ಇನ್ನೊಂದು ರೈಲು ಬಂದು ಗುದ್ದೀತು. ಕೋಣೆಯಲ್ಲಿದ್ದದ್ದು ಒಂದೇ ರೈಲು. ಆದರೂ ಕ್ಯಾಬಿನ್ ಪ್ರತಿ ಸುತ್ತಿಗೂ ಕೈಯನ್ನು ಅಡ್ಡಕ್ಕೆ ತರುತ್ತಿದ್ದರು. ಊಟಕ್ಕೆ ಕರೆದರೆ, ಕೈ ಅಡ್ಡಕ್ಕೆ ಬಂದ ಮೇಲೇ ಮೆಟ್ಟಿಲಿಳಿಯುತ್ತಿದ್ದರು.

ಮೂರು ಗೋಡೆಗಳ ಮೇಲೆ ವೇಳಾಪಟ್ಟಿ, ಹಳೆಯ ಲಾಂದ್ರ, ಹಸಿರು ಬಾವುಟ ಇತ್ಯಾದಿ ಬಂದು ಕೂತವು. ನಾಲ್ಕನೆಯದಕ್ಕೆ ಒಂದು ರೈಲಿನ ಚಿತ್ರ ಬೇಕಾಗಿತ್ತು. ಫ್ರೇಮಿನಂಗಡಿಯವನು ಹದಿನೇಳು ತೋರಿಸಿದ. ಒಂದರಲ್ಲಿ ಮುಂದಕ್ಕೋಡುವ ಎಂಜಿನ್ನಿನ ಹೊಗೆ ಮುಂದಕ್ಕೇ ಹೋಗುತ್ತಿತ್ತು. ಇನ್ನೊಂದರಲ್ಲಿ ಹಳಿಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಮತ್ತೊಂದು ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು, ಗಾಲಿಗಳು ಒಂದು ಡಬ್ಬಿಗೆ ಐದು, ಇನ್ನೊಂದಕ್ಕೆ ನಾಲ್ಕು ಎಂಬುದನ್ನು ಬಿಟ್ಟರೆ.

“ಸಾರ್, ನಿಮಗೆ ಬೇಕಾಗಿರೋದು ಚಿತ್ರಾನೋ, ರೈಲ್ವೆ ರೂಲ್ಸ್ ಪುಸ್ತಕಾನೋ?” ಎಂದು ಅಂಗಡಿಯವನು ಕೇಳಿದ ಮೇಲೆ ಕ್ಯಾಬಿನ್ ಅತ್ತ ಹೋಗಲಿಲ್ಲ.

ಕೊನೆಗೆ ಹೆಂಡತಿಯೇ ಬಾಯಿಬಿಟ್ಟರು. ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, “ನಿಮ್ಮ ತಮ್ಮ ಬರೆದದ್ದಿತ್ತಲ್ಲ” ಅಂದರು. ಹನ್ನೆರಡು ವರ್ಷ ಆ ಮನೆಯಲ್ಲಿ ಯಾರೂ ಎತ್ತದ ಮಾತು ಅದು.

ತಮ್ಮ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಕೆಲಸ ಸಿಗದ ದಿನಗಳಲ್ಲಿ ಸಿಗ್ನಲ್ ಕ್ಯಾಬಿನ್ನಿನ ಮೂಲೆಯ ಸ್ಟೂಲಿನ ಮೇಲೆ ಕೂತು ಅಣ್ಣ ಲಿವರ್ ಎಳೆಯುವುದನ್ನೇ ನೋಡುತ್ತಿದ್ದ. ಅಣ್ಣನ ನಿವೃತ್ತಿಯ ದಿನ, ಸನ್ಮಾನದ ಸಭೆಗೆ, ತಾನೇ ಬರೆದ ಚಿತ್ರವನ್ನು ಹಳೆ ಸೀರೆಯಲ್ಲಿ ಸುತ್ತಿ ತಂದಿದ್ದ. ಕ್ಯಾಬಿನ್ನಿಗೆ ಯಾವುದೇ ಚಿತ್ರದಲ್ಲಿ ರೈಲಿಗಿಂತ ಮೊದಲು ಸಿಗ್ನಲ್ಲೇ ಕಾಣುತ್ತಿತ್ತು, ವೃತ್ತಿಯ ಚಾಳಿ. ಕೈ ಅಡ್ಡಕ್ಕಿತ್ತು, ರೈಲು ಹೊರಟಿತ್ತು.

“ಅಡ್ಡಗೈ ಇರುವಾಗ ರೈಲು ಹೋಗೋದುಂಟೇನೋ? ನಿನ್ನ ಡ್ರೈವರಿಗೆ ನಾಳೆನೇ ಮನೆ ದಾರಿ” ಎಂದು ಮೈಕಿನಲ್ಲೇ ಹೇಳಿಬಿಟ್ಟರು. ಚಿತ್ರ ಕಾಣದ ಹಿಂದಿನ ಸಾಲಿನವರೂ ನಕ್ಕರು. ತಮ್ಮನೂ ನಕ್ಕ, ಚಿತ್ರವನ್ನು ಅದೇ ಸೀರೆಯಲ್ಲಿ ಸುತ್ತಿಕೊಂಡು ಹೋದ. ಆಮೇಲೆ ಬೋರ್ಡು ಬಿಟ್ಟು ಇನ್ನೇನನ್ನೂ ಬರೆಯಲಿಲ್ಲ. ಅವನು ಸತ್ತು ನಾಲ್ಕು ವರ್ಷವಾಗಿತ್ತು.

ತಮ್ಮನ ಹೆಂಡತಿ ಬಟ್ಟೆ ಹೊಲಿದು ಸಂಸಾರ ನಡೆಸುತ್ತಿದ್ದರು. ಭಾವ ಬಂದು ಚಿತ್ರದ ಮಾತೆತ್ತಿದಾಗ, ಹೊಲಿಗೆ ಯಂತ್ರದ ಹಿಂದಿನಿಂದ ಅದನ್ನು ಎಳೆದು, ಸೀರೆ ಬಿಚ್ಚಿ, ನೂಲಿನ ಎಳೆಗಳನ್ನು ಕೊಡವಿ ಗೋಡೆಗೊರಗಿಸಿದರು.

ಸಿಗ್ನಲ್ಲಿನ ಕೈ ಕೆಳಗಿಳಿದಿತ್ತು. ಬಣ್ಣದಡಿಯಲ್ಲಿ ಮೊದಲಿನ ಅಡ್ಡಗೈ ಮಾಸಿದ ಗಾಯದ ಹಾಗೆ ಉಬ್ಬಿ ಕಾಣುತ್ತಿತ್ತು.

“ಮಾರನೇ ದಿನವೇ ತಿದ್ದಿದ್ರು, ಭಾವ. ಅಣ್ಣ ಹೇಳಿದ ಮೇಲೆ ಮುಗೀತು, ಅವನಿಗಿಂತ ನನಗೆ ಗೊತ್ತಾ ಅಂದ್ರು. ಕೊಟ್ಟು ಬನ್ನಿ ಅಂದೆ. ಅವನೇ ಕೇಳ್ಲಿ ಅಂದ್ರು. ಈಗ ಸರಿಯಾಗಿದೆ ತಾನೇ?”

ಕ್ಯಾಬಿನ್ ಮೊದಲ ಬಾರಿಗೆ ಸಿಗ್ನಲ್ ಬಿಟ್ಟು ರೈಲನ್ನು ನೋಡಿದರು. ಕಾಣುತ್ತಿದ್ದದ್ದು ರೈಲಿನ ಬೆನ್ನು. ಕೆಂಪು ದೀಪ ಸಿಗ್ನಲ್ ದಾಟಿಯಾಗಿತ್ತು. ಪಕ್ಕದ ಸಿಗ್ನಲ್ ಕ್ಯಾಬಿನ್ನಿನ ಕಿಟಕಿಯಲ್ಲಿ ಉಗುರಿನಷ್ಟು ಗಾತ್ರದ ಒಬ್ಬ ಮನುಷ್ಯ ಲಿವರ್ ಹಿಡಿದು ಬಾಗಿದ್ದ. ಬೋಳುತಲೆ, ಎಡಹೆಗಲು ತುಸು ತಗ್ಗು, ಥೇಟ್ ಅವರದೇ. ತಮ್ಮ ಮೊದಲು ಬರೆದದ್ದು ರೈಲು ದಾಟಿದ ಮರುಕ್ಷಣ, ಕೈ ಅಡ್ಡಕ್ಕೆ ಬಂದ ಗಳಿಗೆ. ಸ್ಟೂಲಿನ ಮೇಲೆ ಕೂತವನು ಎಷ್ಟೋ ಸಲ ನೋಡಿದ್ದನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ಬರೆದಿದ್ದ. ಈಗ, ಅಣ್ಣನ ಮಾತಿನಂತೆ ತಿದ್ದಿದ ಮೇಲೆ, ಅದೇ ಬೋಳುತಲೆಯವನು ಸಿಗ್ನಲ್ಲಿನ ಕೈ ಇಳಿಬಿಟ್ಟು ಮೈಮರೆತಿದ್ದ.

“ಸರಿಯಾಗಿದೆ” ಅಂದರು ಕ್ಯಾಬಿನ್.

ಚಿತ್ರವನ್ನು ಸೀರೆಯ ಸಮೇತ ಮನೆಗೆ ತಂದು, ಹೆಂಡತಿಯ ಹತ್ತಿರ ಮಾತ್ರ ಎಲ್ಲ ಹೇಳಿಕೊಂಡರು. ಭಾನುವಾರ ಮಾದರಿ ರೈಲಿನ ಗೆಳೆಯರು ಬರುವವರಿದ್ದರು. ತಮ್ಮನನ್ನು ನಗೆಗೀಡು ಮಾಡಿದ್ದು ನಾಲ್ಕು ಜನರ ಮುಂದೆ, ತಪ್ಪು ನನ್ನದೇ ಅನ್ನೋದನ್ನೂ ನಾಲ್ಕು ಜನರ ಮುಂದೆಯೇ ಹೇಳುತ್ತೇನೆ, ಅವನ ಹೆಂಡತಿಯನ್ನೂ ಕರೆಯುತ್ತೇನೆ ಎಂದರು. ಕರೆದರು ಕೂಡ.

ಭಾನುವಾರ ಚಿತ್ರ ಗೋಡೆ ಏರಿತು. ತಮ್ಮನ ಹೆಂಡತಿ ಒಗೆದ ಸೀರೆಯುಟ್ಟು ಬಂದು ಬಾಗಿಲ ಹತ್ತಿರ ಕೂತರು. ಗೆಳೆಯರಲ್ಲಿ ನಿವೃತ್ತ ಗಾರ್ಡೊಬ್ಬರಿದ್ದರು, ಕಣ್ಣು ನಾಲಗೆ ಎರಡೂ ಚುರುಕು. ಸನ್ಮಾನದ ದಿನ ಹಿಂದಿನ ಸಾಲಿನಲ್ಲಿ ಕೂತು ನಕ್ಕವರಲ್ಲಿ ಅವರೂ ಒಬ್ಬರು, ಮರೆತಿದ್ದರು.

“ದೀಪ ದಾಟಿದೆ, ಕೈ ಇನ್ನೂ ಕೆಳಗೇ ಇದೆ. ಕಿಟಕಿಯಲ್ಲಿರೋ ಪುಣ್ಯಾತ್ಮ ಯಾರಯ್ಯಾ, ನಿದ್ದೆ ಹೊಡೀತಿದ್ನಾ?”

ಎಲ್ಲರೂ ನಕ್ಕರು. ಚಹಾದ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಗಂಡನ ಮುಖ ನೋಡಿದರು. ಕ್ಯಾಬಿನ್ ಗಂಟಲು ಸರಿಮಾಡಿಕೊಂಡರು.

“ನನ್ನ ತಮ್ಮ ಬರೆದದ್ದು. ಬೋರ್ಡು ಬರೆಯೋನು. ಅವನಿಗೆ ರೈಲಿನ ವಿಷಯ ಎಲ್ಲಿ ಗೊತ್ತಿತ್ತು” ಅಂದರು.

ತಮ್ಮನ ಹೆಂಡತಿ ಗಾರ್ಡಿನ ಕಡೆ ತಿರುಗಿದರು. “ಮೊದಲು ಅಡ್ಡಕ್ಕೇ ಬರೆದಿದ್ರು. ಹಾಗಿದ್ದಿದ್ರೆ?”

“ಅಡ್ಡಕ್ಕಿದ್ದಿದ್ರೆ ಬೆರಳು ತೋರಿಸೋ ಹಾಗಿರಲಿಲ್ಲವಮ್ಮ. ನೂರಕ್ಕೆ ನೂರು.”

ಕ್ಯಾಬಿನ್ ಬಗ್ಗಿ ಸ್ವಿಚ್ಚು ಒತ್ತಿದರು. ಪುಟ್ಟ ರೈಲು ಹೊರಟು, ಸಿಗ್ನಲ್ ದಾಟಿತು. ಅವರು ಕೈಯನ್ನು ಅಡ್ಡಕ್ಕೆ ತಂದರು.

ತಮ್ಮನ ಹೆಂಡತಿ ಚಹಾ ಮುಟ್ಟಲಿಲ್ಲ. ಎದ್ದು ಹೋಗಿ ಚಿತ್ರವನ್ನು ಮೊಳೆಯಿಂದ ಇಳಿಸಿದರು. ಮಡಿಸಿಟ್ಟಿದ್ದ ಹಳೆ ಸೀರೆಯನ್ನು ಕೇಳಿ ಪಡೆದು, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡರು. ಓರಗಿತ್ತಿಗೆ ಮಾತ್ರ ಬರ್ತೀನಿ ಎಂದು ಹೇಳಿ ಮೆಟ್ಟಿಲಿಳಿದರು.

ಗೋಡೆ ಖಾಲಿ ಇದೆ.