ಕುಟ್ಟದೆ ಉಳಿದ ಬಿದಿರಕ್ಕಿ

ಬಿದಿರು ಹೂ ಬಿಟ್ಟರೆ ಊರಿಗೆ ಬರ ಎಂಬ ಮಾತನ್ನು ಹುಣಸೇಬೈಲಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ತಾಯಿಯ ಹಾಲಿನೊಡನೆ ಹೊಟ್ಟೆಗೆ ಇಳಿದಿದ್ದ ಮಾತು. ಆದ್ದರಿಂದ ಹೋದ ವರ್ಷ ಕಾರ್ತಿಕ ಕಳೆಯುತ್ತಿದ್ದಂತೆ ತೀರ್ಥಪ್ಪನವರ ಕಾಡಿನ ಬಿದಿರುಮೆಳೆಗಳಲ್ಲಿ ಎಲೆ ಉದುರಿ, ಆ ಜಾಗದಲ್ಲಿ ಹುಲ್ಲಿನ ತೆನೆಯಂಥ ಮಾಸಲು ಹೂ ಕಾಣಿಸಿಕೊಂಡಾಗ ಊರಿನ ಮುಖ ಕಳೆಗುಂದಿತು.

ಆ ಕಾಡು ಸರ್ಕಾರದ್ದಲ್ಲ. ತರೀಕೆರೆಯಿಂದ ಹೆಬ್ಬೆಯ ಬೆಟ್ಟಗಳ ಕಡೆಗೆ ಹೋಗುವ ದಾರಿಯಲ್ಲಿ, ಊರಿನ ಬೆನ್ನಿಗೆ ಒರಗಿಕೊಂಡಂತಿರುವ ಇಪ್ಪತ್ತೆರಡು ಎಕರೆ. ಖಾತೆ, ಪಹಣಿ ಎರಡೂ ತೀರ್ಥಪ್ಪನವರ ಹೆಸರಿನಲ್ಲಿವೆ. ಅಲ್ಲಲ್ಲಿ ಮತ್ತಿ, ಹೊನ್ನೆ, ತಡಸಲು. ಉಳಿದಂತೆ ಬಿದಿರೇ ಬಿದಿರು. ಕಡೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದ ಅವರು ಅಂಗಡಿ ಮುಚ್ಚಿ, ಹೆಂಡತಿ ಪ್ರೇಮಮ್ಮನವರೊಡನೆ ಊರಿಗೆ ಬಂದು ನೆಲೆಸಿದ ಮೊದಲ ಬೇಸಿಗೆಯಲ್ಲಿಯೇ ಕಾಡಿನ ಒಂದು ಮೂಲೆ ಬೆಂಕಿಗೆ ಹೋಯಿತು. ಒಂದು ಕಾಡಿಗೆ ಒಬ್ಬ ಮುದುಕ ಎಂಬ ಲೆಕ್ಕ ಸರಿಹೋಗದೆಂದು ಅವರು ಅಂದೇ ಕಂಡುಕೊಂಡರು. ಊರಿನವರನ್ನು ಕರೆದು ಒಂದು ಕಟ್ಟುಪಾಡು ಮಾಡಿದರು. ಸೇರಿದ ಮನೆಯವರು ಯುಗಾದಿಗೆ ವಂತಿಗೆ ಕೊಡಬೇಕು. ಬೇಸಿಗೆ ಬಲಿಯುವ ಮೊದಲು ಗಡಿಯುದ್ದಕ್ಕೂ ತರಗು ಗುಡಿಸಿ, ಬೆಂಕಿ ದಾಟದಂತೆ ಬಯಲು ಬಿಡಿಸಬೇಕು. ಅದಕ್ಕೆ ಪ್ರತಿಯಾಗಿ ಚಪ್ಪರದ ಗಳ, ಬೇಲಿಯ ಮುಳ್ಳು, ಸೀಗೆಕಾಯಿ, ಒಣಸೌದೆ, ಮಳೆಗಾಲದಲ್ಲಿ ಏಳುವ ಬಿದಿರಿನ ಎಳೆ ಮೊಳಕೆಯಾದ ಕಳಲೆ, ಎಲ್ಲವೂ ಪಾಲಿನ ಪ್ರಕಾರ. ಒಂದು ಮೆಳೆಯಲ್ಲಿ ಬಲಿತ ಗಳದ ಮೂರನೆಯ ಒಂದು ಪಾಲನ್ನು ಮಾತ್ರ ಕಡಿಯಬಹುದು. ಆ ವರ್ಷದ ಎಳೆಯ ಗಳವನ್ನು ಮುಟ್ಟಕೂಡದು. ಹತ್ತು ವರ್ಷ ಕಡಿದರೂ ಕಾಡು ಕುಗ್ಗಲಿಲ್ಲ, ದಟ್ಟವಾಯಿತು. ಇದನ್ನು ತೀರ್ಥಪ್ಪನವರು ಲೆಕ್ಕದ ಫಲವೆಂದೇ ತಿಳಿದಿದ್ದರು. ಪಡೆದದ್ದಕ್ಕೆ ಸರಿಯಾಗಿ ಕೊಡಬೇಕು, ಅಲ್ಲಿಗೆ ಎರಡು ಕಡೆಯೂ ಚುಕ್ತಾ ಆಗಬೇಕು ಎಂಬುದು ಮಂಡಿಯಲ್ಲಿ ಕೂತು ಕಲಿತ ನೀತಿ. ಯಾರ ಹಂಗೂ ಅವರಿಗೆ ಹಿಡಿಸದು.

ಹೂ ಬಿಟ್ಟ ಮೆಳೆಯನ್ನು ಏನು ಮಾಡಬೇಕೆಂಬುದು ಆ ಕಟ್ಟುಪಾಡಿನಲ್ಲಿ ಇರಲಿಲ್ಲ. ಬಿದಿರು ಹೂ ಬಿಡುವುದು ಒಂದು ತಲೆಮಾರಿಗೆ ಒಮ್ಮೆ. ಹಿಂದಿನ ಸಲ ಬಿಟ್ಟಾಗ ಮುಂದೇನಾಯಿತೆಂದು ನೆಟ್ಟಗೆ ಹೇಳಬಲ್ಲವರು ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಎಲ್ಲರೂ ಬಸವಣ್ಣನ ಗುಡಿಯ ಜಗಲಿಯಲ್ಲಿ ಸೇರಿದರು.

“ಸಾವಿನ ಹೂವನ್ನ ಊರಿನ ತಲೆ ಮೇಲೆ ಇಟ್ಕೊಂಡು ಕುಂತ್ರೆ ಮಳೆ ಬತ್ತೈತಾ?” ಎಂದ ಜವರಯ್ಯ. ಊರಿನಲ್ಲಿ ಅತಿ ಹೆಚ್ಚು ದನವಿದ್ದವನು ಅವನೇ. ಬರ ಬಂದರೆ ಮೊದಲ ಪೆಟ್ಟೂ ಅವನಿಗೇ. “ಹೆಂಗೂ ಒಣಗೋ ಬಿದಿರು. ಬ್ಯಾಸಿಗೇಲಿ ಒಂದು ಬೀಡಿ ತುಂಡು ಬಿದ್ರೆ ಸಾಕು, ಊರಿಗೂರೇ ಹೋಯ್ತೈತೆ.”

ಬರದ ಮಾತು ತೀರ್ಥಪ್ಪನವರಿಗೆ ನಾಟಲಿಲ್ಲ. ಬೆಂಕಿಯ ಮಾತು ನಾಟಿತು. ಸತ್ತ ಬಿದಿರೆಂದರೆ ನಿಂತ ಸೌದೆ. ಪುಷ್ಯಮಾಸದಲ್ಲಿ ಊರಿಗೆ ಊರೇ ಕತ್ತಿ ಹಿಡಿದು ಕಾಡಿಗೆ ನುಗ್ಗಿತು. ಬುಡಮಟ್ಟ ಕಡಿದರು, ಗಳ ಹಂಚಿಕೊಂಡರು, ಮಿಕ್ಕದ್ದನ್ನು ಲಾರಿಯಲ್ಲಿ ತರೀಕೆರೆಗೆ ಕಳುಹಿಸಿದರು, ಸೊಪ್ಪುಸದೆಯನ್ನು ಒಂದೆಡೆ ಗುಡ್ಡೆ ಹಾಕಿ ಸುಟ್ಟರು. ಆ ಬೇಸಿಗೆ ಕಾಡಿಗೆ ಬೆಂಕಿ ಬೀಳಲಿಲ್ಲ. ಒಳ್ಳೆಯ ಕೆಲಸವಾಯಿತೆಂದು ಎಲ್ಲರೂ ನಂಬಿದರು.

ಬರವೂ ಬರಲಿಲ್ಲ. ಮೃಗಶಿರ ಮಳೆ ಹದವಾಗಿ ಸುರಿಯಿತು. ಕಳಲೆಯ ಕಾಲವೆಂದು ಬುಟ್ಟಿ ಹಿಡಿದು ಕಾಡಿಗೆ ಹೋದ ದ್ಯಾವಮ್ಮ ಹೊತ್ತೇರುವ ಮೊದಲೇ ಹಿಂದಿರುಗಿ, ತೀರ್ಥಪ್ಪನವರ ಜಗಲಿಯ ಮೇಲೆ ಬರಿಯ ಬುಟ್ಟಿಯನ್ನು ಬೋರಲು ಹಾಕಿದಳು. ನಾಲ್ಕು ಮನೆಯ ಹೆಂಗಸರನ್ನು ಕೂಡಿಸಿಕೊಂಡು ಕಾಡಿನ ಕೆಲಸಕ್ಕೆ ಹೊರಡುವವಳು ಅವಳು; ಮಾತಿಗೆ ಮುಲಾಜಿಲ್ಲ.

“ಒಂದು ಕಳಲೆನೂ ಇಲ್ಲ ಯಜಮಾನ್ರೆ. ಮುಡಿ ಕೊಟ್ಟು ಬಂದ ತಲೆ ಹಂಗೆ ಆಗೈತೆ ನಿಮ್ ಕಾಡು. ಬಂದು ನೋಡಿ ಬೇಕಾದ್ರೆ.”

ಹೋಗಿ ನೋಡಿದರು. ಹೋದ ಮಳೆಗಾಲದಲ್ಲಿ ತೋಳುಗಾತ್ರದ ಕಳಲೆ ನೆಲ ಸೀಳಿಕೊಂಡು ಬಂದಿದ್ದ ಕಡೆಯಲ್ಲೆಲ್ಲ ಕಪ್ಪಾದ ಕೂಳೆಗಳು. ಕಾಲಿನಿಂದ ಒದ್ದರೆ ಪುಡಿಯಾಗುತ್ತಿದ್ದವು. ಹಳ್ಳದ ದಂಡೆಗೆ ಇಳಿದಾಗ ಮಾತ್ರ ಇಬ್ಬರೂ ನಿಂತರು. ಅಲ್ಲಿನ ಕೆಲವು ಮೆಳೆಗಳ ಕೂಳೆಯ ಸುತ್ತ, ಬತ್ತದ ಸಸಿಯ ಒಟ್ಟಲು ಹಾಕಿದಂತೆ, ನೆಲ ಕಾಣದಷ್ಟು ಹಸಿರು. ದ್ಯಾವಮ್ಮ ಒಂದು ಎಸಳನ್ನು ಬೇರುಸಹಿತ ಕಿತ್ತು ನೋಡಿದಳು. ಬೇರಿನ ತುದಿಯಲ್ಲಿ ಕಾಳಿನ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು.

“ಹುಲ್ಲಲ್ಲ ಇದು. ಬಿದಿರು.”

ತೀರ್ಥಪ್ಪನವರಿಗೆ ಆಗ ಹೊಳೆಯಿತು. ಉಳಿದ ಕಾಡಿಗಿಂತ ಮೊದಲೇ ಹೂ ಕಂಡು, ಮೊದಲೇ ಕಾಳು ಬಲಿತಿದ್ದ ಮೆಳೆಗಳು ಅವು. ಕಡಿಯುವ ಕೆಲಸ ಅಲ್ಲಿಗೆ ಬಂದದ್ದೂ ಕಡೆಯಲ್ಲಿಯೇ. ಅಷ್ಟರೊಳಗೆ ಕಾಳು ನೆಲಕ್ಕೆ ಬಿದ್ದಿತ್ತು. ಉಳಿದ ಎಲ್ಲ ಕಡೆ ಕಾಳು ಬಲಿಯುವ ಮೊದಲೇ ಕತ್ತಿ ಬಿದ್ದಿತ್ತು. ಹೂ ಬಿಟ್ಟ ಬಿದಿರು ತಾನು ಸಾಯುತ್ತದೆ, ಕಾಳನ್ನು ಬಿಟ್ಟು ಸಾಯುತ್ತದೆ. ಆ ಕಾಳನ್ನು ಹೂವಿನಲ್ಲಿಯೇ ಕೊಂದು, ಬೆಂಕಿಯಿಂದ ಉಳಿಸಿದೆವೆಂದು ಇಡೀ ಊರು ಬೀಗಿತ್ತು. ಕಾಡಿಗೆ ಇನ್ನು ಬೀಜವಿಲ್ಲ.

ಆ ವಾರವೇ ತಿಮ್ಮೇಶ್ ಬಂದ. ಅಜ್ಜಂಪುರದ ಕಡೆಯವನು, ಹೊರಗಿನ ಶುಂಠಿ ಬೆಳೆಗಾರರಿಗೆ ಗುತ್ತಿಗೆಯ ಮೇಲೆ ಭೂಮಿ ಹಿಡಿದುಕೊಡುವುದು ಅವನ ಕಸುಬು. ಪ್ರೇಮಮ್ಮ ಕೊಟ್ಟ ಕಾಫಿಯನ್ನು ಹೊಗಳಿ ಕುಡಿದ.

“ಮೆಳೆ ಸತ್ತ ಮೇಲೆ ಅದನ್ನ ಕಾಡು ಅಂತಾರಾ ಅಣ್ಣಾ? ಬೀಳು ಅಂತಾರೆ. ಎರಡು ವರ್ಷಕ್ಕೆ ಕೊಡಿ. ಜೆಸಿಬಿ ತಂದು ಬುಡ ಕೀಳ್ಸೋದು ನಮ್ಮದು, ಮರಕ್ಕೆ ಪರ್ಮಿಷನ್ ಓಡಾಟಾನೂ ನಮ್ಮದು. ನೀವು ಜಗಲಿ ಮೇಲೆ ಕುಂತು ಗುತ್ತಿಗೆ ಎಣಿಸ್ಕೊಳ್ಳಿ.”

“ಎರಡು ವರ್ಷ ಆದ್ಮೇಲೆ?”

“ನೆಲ ನಿಮ್ಮದೇ ಅಲ್ವಾ, ಎಲ್ಲಿ ಹೋಯ್ತದೆ?”

ಶುಂಠಿ ಬೆಳೆದು ಬಿಟ್ಟ ನೆಲವನ್ನು ತೀರ್ಥಪ್ಪನವರು ಕಂಡಿದ್ದರು. ನೆಲ ಎಲ್ಲಿಗೂ ಹೋಗಿರಲಿಲ್ಲ, ನಿಜ. ಅದರ ಸತ್ವ ಹೋಗಿತ್ತು. ಆದರೂ ಆಗುವುದಿಲ್ಲವೆಂದು ಹೇಳಲು ಅವರ ಬಾಯಿ ಏಳಲಿಲ್ಲ. ಗಣೇಶನ ಹಬ್ಬದೊಳಗೆ ತಿಳಿಸುವುದಾಗಿ ಹೇಳಿ ಕಳುಹಿಸಿದರು.

“ಮನಸ್ಸಿನಲ್ಲಿ ಏನೈತೆ?” ಎಂದು ಕೇಳಿದರು ಪ್ರೇಮಮ್ಮ, ಊಟಕ್ಕೆ ಬಡಿಸುತ್ತ.

“ಬಿದಿರಿಲ್ಲ ಅಂದ್ಮೇಲೆ ಊರಿಗೆ ಕೊಡೋಕೆ ಏನಿದೆ? ಕೊಡದೆ ವಂತಿಗೆ ತಗೊಳ್ಳೋದು ನನ್ನ ಕೈಲಾಗಲ್ಲ. ಅವ್ರು ಬಿಟ್ಟು ಹೋದ್ರೆ ಬೆಂಕಿ ಕಾಯೋರು ಯಾರು, ನೀನಾ?”

“ಅವ್ರನ್ನ ಕೇಳಿದ್ರಾ?”

“ಕೇಳೋದೇನು ಬಂತು. ಲೆಕ್ಕ ಕಣ್ಣಿಗೆ ಕಾಣ್ತಿದೆ.”

“ನಿಮ್ ಕಣ್ಣಿಗೆ,” ಎಂದು ಹೇಳಿ ಪ್ರೇಮಮ್ಮ ಮಜ್ಜಿಗೆ ಹಾಕಿದರು.

ಮತ್ತೆ ಅದೇ ಜಗಲಿಯಲ್ಲಿ ಊರು ಸೇರಿತು. ತೀರ್ಥಪ್ಪನವರು ನಿಂತುಕೊಂಡೇ ಮಾತನಾಡಿದರು. ಕಡಿಯಬೇಕೆಂದು ಎಲ್ಲರೂ ಹೇಳಿದ್ದು ಸರಿ, ಆದರೆ ಒಪ್ಪಿಗೆ ಕೊಟ್ಟವರು ತಾವು. ಇನ್ನು ಹತ್ತು ವರ್ಷ ಈ ಕಾಡಿನಿಂದ ಗಳವಾಗಲಿ ಕಳಲೆಯಾಗಲಿ ಬರುವುದಿಲ್ಲ. ಆದ್ದರಿಂದ ಕಟ್ಟುಪಾಡು ಇಂದಿಗೆ ಮುಗಿಯಿತು, ಯಾರೂ ವಂತಿಗೆ ಕೊಡಬೇಕಾಗಿಲ್ಲ, ಕೆಲಸಕ್ಕೂ ಬರಬೇಕಾಗಿಲ್ಲ. ಶುಂಠಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಹೇಳಿ ಮುಗಿಸಿ, ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಂಡು, ಹೊರಡಲು ಚಪ್ಪಲಿ ಹುಡುಕಿದರು.

“ಎಲ್ಲಿಗೆ ಹೊಂಟ್ರಿ? ಕುಂತ್ಕಳಿ,” ಎಂದಳು ದ್ಯಾವಮ್ಮ. “ನಿಮ್ದು ಮುಗೀತು, ನಮ್ದು ಶುರುವಾಗ್ಲಿಲ್ಲ ಇನ್ನೂವೆ. ಬೀಜ ಇಲ್ಲ ಅಂದ್ರಲ್ಲ, ಹಳ್ಳದ ದಂಡೇದು ಕಡಿಯೋಕೆ ಮುಂಚೆ ನಾವು ಹೆಂಗಸ್ರು ಸೀರೆ ಹಾಸಿ ಕಾಳು ಬಡ್ಕೊಂಡಿದ್ವಿ. ನೆಲಕ್ಕೆ ಬಿದ್ದಿದ್ದು ನಮ್ ಕೈ ತಪ್ಪಿದ್ದು ಅಷ್ಟೆ. ನಮ್ಮನೇಲಿ ಒಂದು ಡಬ್ಬದ ತುಂಬ ಬಿದಿರಕ್ಕಿ ಐತೆ. ಕುಟ್ಟಿಲ್ಲ, ಹೊಟ್ಟು ಹಂಗೇ ಐತೆ. ಮಗಳು ಬಾಣಂತನಕ್ಕೆ ಬತ್ತಾಳೆ, ಪಾಯಸ ಮಾಡಾನ ಅಂತ ಇಟ್ಟಿದ್ದೆ.”

ಜಗಲಿಯ ಮೇಲೆ ಗುಜುಗುಜು ಎದ್ದಿತು. ಯಾರ ಮನೆಯಲ್ಲಿ ಕುಟ್ಟಿಯಾಗಿದೆ, ಯಾರ ಮನೆಯಲ್ಲಿ ಕುಟ್ಟಿಲ್ಲ ಎಂಬ ವಿಚಾರಣೆ ನಡೆಯಿತು. ಕುಟ್ಟಿದ್ದು ಮೊಳೆಯದು, ಹೊಟ್ಟು ಇದ್ದದ್ದು ಮೊಳೆತೀತು.

“ನಮ್ಮನೇದು ಖಾಲಿ ಕಣ್ರೀ,” ಎಂದ ಒಬ್ಬ.

“ನಿಮ್ಮನೇದು ಖಾಲಿ ಅಂತ ನಿನ್ನ ಹೊಟ್ಟೆನೇ ಹೇಳ್ತೈತಲ್ಲೋ,” ಎಂದಳು ದ್ಯಾವಮ್ಮ. ಜಗಲಿ ನಕ್ಕಿತು.

ನಗು ನಿಂತ ಮೇಲೆ ಜವರಯ್ಯನೇ ಉಳಿದ ಮಾತನ್ನು ಎತ್ತಿದ. ಅವನು ಎತ್ತದಿದ್ದರೆ ಬೇರೆ ಯಾರೂ ಎತ್ತುವಂತಿರಲಿಲ್ಲ. ಬಿದಿರಿನ ಸಸಿ ದನದ ಬಾಯಿಗೆ ಹುಲ್ಲಿಗಿಂತ ರುಚಿ. ಮೂರು ಮಳೆಗಾಲ ಕಾಡಿನೊಳಗೆ ಗೊರಸು ಇಳಿಯಬಾರದು. ಊರಿನ ದನವೆಂದರೆ ಮುಖ್ಯವಾಗಿ ಅವನ ದನ.

“ನನ್ನ ಬಾಮೈದ ಎಮ್ಮೆದೊಡ್ಡೀಲವ್ನೆ,” ಎಂದ ನೆಲ ನೋಡುತ್ತ. “ಅವನ ಬೀಳಿನಾಗೆ ಹುಲ್ಲೈತೆ. ಹೊಡ್ಕೊಂಡು ಹೋಗಿ ಬಿಟ್ಟು ಬತ್ತೀನಿ. ಕಡೀರಿ ಅಂತ ಮೊದ್ಲು ಬಾಯಿ ಬಿಟ್ಟೋನು ನಾನೇ ತಾನೆ.”

ತೀರ್ಥಪ್ಪನವರು ಏನೋ ಹೇಳಲು ಹೋದರು. “ನಿಮ್ಮೆಲ್ಲರ ಋಣ...” ಎಂಬಷ್ಟೇ ಹೊರಟಿತು.

“ಋಣ ಗಿಣ ಅನ್ಬ್ಯಾಡಿ,” ಎಂದಳು ದ್ಯಾವಮ್ಮ. “ಆಮೇಲೆ ನಾವು ಬಡ್ಡಿ ಕೇಳ್ಬೇಕಾಯ್ತೈತೆ.”

ಮೊದಲು ಒಂದು ಹಿಡಿ ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಪ್ರೇಮಮ್ಮನವರ ಒಲೆಯ ಪಕ್ಕದಲ್ಲಿ ಇಟ್ಟರು. ಕೆಲವು ದಿನ ಕಳೆದರೂ ಏನೂ ಕಾಣಲಿಲ್ಲ. ತೀರ್ಥಪ್ಪನವರು ದಿನಕ್ಕೆ ಅದೆಷ್ಟು ಸಲ ಗಂಟು ಬಿಚ್ಚಿದರೋ. ಹೀಗೆ ಬಿಚ್ಚುತ್ತಿದ್ದರೆ ಕಾಳಿಗೆ ನಾಚಿಕೆಯಾಗುತ್ತದೆಂದು ಪ್ರೇಮಮ್ಮ ಗದರಿದರು. ಒಂದು ಬೆಳಿಗ್ಗೆ ಹೊಟ್ಟಿನ ತುದಿಯಿಂದ ಬಿಳಿಯ ಮೊನೆ ಹೊರಟಿತ್ತು. ಎಲ್ಲ ಕಾಳಿನಲ್ಲಿ ಅಲ್ಲ, ಅರ್ಧಕ್ಕಿಂತ ತುಸು ಹೆಚ್ಚಿನದರಲ್ಲಿ. ಅವರು ಬಟ್ಟೆಯನ್ನು ಅಂಗೈ ಮೇಲೆ ಹಿಡಿದು ದ್ಯಾವಮ್ಮನ ಮನೆಯವರೆಗೆ ನಡೆದುಕೊಂಡು ಹೋಗಿ ತೋರಿಸಿದರು. ಆ ಬೀದಿಯಲ್ಲಿ ಅವರು ಹಾಗೆ ಆತುರದಿಂದ ನಡೆದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಆರಿದ್ರೆ ಮಳೆಯಲ್ಲಿ ಬಿತ್ತಿದರು. ಹುರಿ ಕಟ್ಟಿ ಸಾಲು ಹಿಡಿಯಬೇಕೆಂದು ತೀರ್ಥಪ್ಪನವರ ಆಸೆ. ಹೆಂಗಸರು ಅವರ ಹುರಿಯನ್ನು ಮರಕ್ಕೆ ನೇತುಹಾಕಿ, ಮಡಿಲಿನಿಂದ ಹಿಡಿ ಹಿಡಿಯಾಗಿ ತೆಗೆದು ಹಳೆಯ ಕೂಳೆಗಳ ಸುತ್ತ ಕೈಯಾಡಿಸಿ ಎರಚಿದರು. ಹಳ್ಳದ ದಂಡೆಯಲ್ಲಿ ಒತ್ತಾಗಿದ್ದ ಸಸಿಗಳನ್ನು ಗಂಡಸರು ಮಣ್ಣುಸಹಿತ ಎತ್ತಿ ಮೇಲಿನ ದಿಬ್ಬಕ್ಕೆ ಹೊತ್ತರು. ಬಾಣಂತನಕ್ಕೆ ಬಂದಿದ್ದ ದ್ಯಾವಮ್ಮನ ಮಗಳು ಪಾಯಸವಿಲ್ಲದೆ, ಮನೆಯ ಜಗಲಿಯ ಮೇಲೆ ಕೂತು, ಕೆಸರು ಮೆತ್ತಿಕೊಂಡು ಮನೆಗೆ ಮರಳುತ್ತಿದ್ದವರನ್ನು ನೋಡಿ ನಗುತ್ತಿದ್ದಳು.

ಗಣೇಶನ ಹಬ್ಬಕ್ಕೆ ಮೊದಲೇ ತಿಮ್ಮೇಶ್ ಫೋನು ಮಾಡಿದ.

“ಆಗಲ್ಲ ಕಣಪ್ಪ,” ಎಂದರು ತೀರ್ಥಪ್ಪನವರು.

“ಯಾಕಣ್ಣಾ, ಖಾತೆ ನಿಮ್ಮದೇ ಅಲ್ವಾ?”

“ಖಾತೆ ನನ್ನದು. ಬೀಜ ಊರಿಂದು.”

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ ಅವರು ಕಾಡಿಗೆ ಹೋದಾಗ, ಮೊಳಕಾಲೆತ್ತರ ಬಂದಿದ್ದ ಸಸಿಗಳ ನಡುವೆ ಕೆಂಚು ಬಣ್ಣದ ಹಸುವೊಂದು ನಿಂತು ಮೇಯುತ್ತಿತ್ತು. ಕೊರಳಿನಲ್ಲಿ ಕಿತ್ತುಹೋದ ಹಗ್ಗ, ಗೊರಸು ಸವೆದಿತ್ತು. ಒಂದು ಚಾಪೆಯಗಲದ ಹಸಿರು ಅದರ ಬಾಯಿಗೆ ಹೋಗಿತ್ತು. ಎಮ್ಮೆದೊಡ್ಡಿಯಿಂದ ಕಡೂರಿನ ಬಯಲು ದಾಟಿ, ಯಾರನ್ನೂ ಕೇಳದೆ, ಹುಟ್ಟಿದ ಊರಿಗೆ ನಡೆದು ಬಂದಿದ್ದ ಜವರಯ್ಯನ ಹಸು. ಬಿತ್ತನೆಯ ಮೇಲೆ ಮುಂದುವರಿದ ಕಟ್ಟುಪಾಡಿನಲ್ಲಿ, ದನ ನುಗ್ಗಿದರೆ ದಂಡವೆಂದು ಹೊಸದಾಗಿ ಬರೆಸಿದ್ದವರು ತೀರ್ಥಪ್ಪನವರೇ. ಅವರು ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಆ ತುಂಡು ಹಗ್ಗವನ್ನು ಹಿಡಿದು ಹಸುವನ್ನು ತಮ್ಮ ಮನೆಯ ಬರಿದಾದ ಕೊಟ್ಟಿಗೆಗೆ ನಡೆಸಿಕೊಂಡು ಬಂದು ಕಟ್ಟಿದರು.

ಸುದ್ದಿ ತಿಳಿದು ಜವರಯ್ಯ ಓಡಿ ಬಂದ. ಮುಖ ಬಾಡಿತ್ತು.

“ಮನೇಲೇ ಹುಟ್ಟಿ ಬೆಳೆದಿದ್ದು, ಅಲ್ಲಿ ನಿಲ್ಲಲಿಲ್ಲ. ದಂಡ ಏನಾಯ್ತದೆ ಹೇಳಿ ಯಜಮಾನ್ರೆ. ನಾಳೆ ವಾಪಸ್ ಹೊಡ್ಕೊಂಡು ಹೋಗ್ತೀನಿ.”

“ಮತ್ತೆ ಯಾಕೆ ನಡೆಸ್ತೀಯ ಅದನ್ನ? ಇಲ್ಲೇ ಇರಲಿ. ಹುಲ್ಲು ನಾನು ತಂದು ಹಾಕ್ತೀನಿ.”

“ನೀವಾ? ಕುಡುಗೋಲು ಹಿಡ್ದಿದ್ದೀರಾ ಯಾವತ್ತಾನ?”

“ಕಲೀತೀನಿ.”

“ಹಾಲು?”

“ಹಾಲು ನಿಂದು. ಎರಡು ಹೊತ್ತೂ ಬಂದು ಹಿಂಡ್ಕೊ.”

ಜವರಯ್ಯ ಹಸುವಿನ ಬೆನ್ನು ಸವರಿದ. ಪ್ರೇಮಮ್ಮ ಒಳಗಿನಿಂದ ಕಲಗಚ್ಚಿನ ಬಕೀಟು ತಂದಿಟ್ಟರು.

ಮರುದಿನ ಬೆಳಿಗ್ಗೆ ತೀರ್ಥಪ್ಪನವರು ಕೆರೆಯ ಏರಿಯ ಕೆಳಗೆ ಹುಲ್ಲು ಕೊಯ್ದರು. ಕೈಗೆ ಎರಡು ಕಡೆ ಗಾಯವಾಯಿತು. ಹೊರೆ ಕಟ್ಟಿ, ತಲೆಯ ಮೇಲೆ ಇಟ್ಟುಕೊಳ್ಳಲು ಎತ್ತಿದರು. ಎದೆಯವರೆಗೆ ಬಂದ ಹೊರೆ ಮತ್ತೆ ನೆಲಕ್ಕೆ ಕುಸಿಯಿತು. ಹುಲ್ಲಿನ ಹೊರೆಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲಾಗದು, ಎತ್ತಿಕೊಡಲು ಇನ್ನೊಬ್ಬರು ಬೇಕು ಎಂಬುದು ಆ ವಯಸ್ಸಿನವರೆಗೆ ಅವರ ಅನುಭವಕ್ಕೆ ಬಂದಿರಲಿಲ್ಲ. ಏರಿಯ ಮೇಲೆ ಬಟ್ಟೆಯ ಗಂಟು ಹಿಡಿದು ಹೋಗುತ್ತಿದ್ದ ದ್ಯಾವಮ್ಮ ನಿಂತಳು. ಅವಳು ತಾನಾಗಿ ಇಳಿದು ಬರುತ್ತಿದ್ದಳೋ ಏನೋ. ಅದಕ್ಕೆ ಮೊದಲೇ ತೀರ್ಥಪ್ಪನವರು ಕೂಗಿದರು:

“ದ್ಯಾವಮ್ಮ, ಸ್ವಲ್ಪ ಕೈ ಕೊಡು ಬಾರಮ್ಮ.”