ದೇವರಕೋಣೆಯ ಗುಳಿಗೆ

"ಏನ ರಂಡೇ, ತೋಳ ತುಂಬ ಇದೇನ ಮಾಡ್ಕೊಂಡೀ? ನೋಡಿದವ್ರು ನಾನ ನಿನ್ನ ಬಡದೀನಿ ಅಂತಾರ!"

ನೀಲಾಂಬಿಕಾ ದುರುಗವ್ವನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುವಿದಳು. ಮೊಣಕೈವರೆಗೂ ಅಂಗೈಯಗಲದ ನೀಲಿಗಟ್ಟಿದ ಕಲೆಗಳು. ದುರುಗವ್ವನ ಇನ್ನೊಂದು ಕೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಚಾಕು ಹಾಗೇ ಇತ್ತು.

"ನೀವು ಬಡದಿಲ್ಲ ಬಿಡ್ರೀ ಅಕ್ಕಾರ. ಬೈದದ್ದಕ್ಕೂ ಕಲೆ ಬೀಳಂಗಿದ್ರ ಮೈಯಾಗ ಜಾಗಾನ ಉಳೀತಿದ್ದಿಲ್ಲ. ಇವು ಗುಳಿಗಿಯಿಂದ ಬಂದಾವು. ಎಲ್ಲೆರ ತಾಕಿದ್ರ ಸಾಕು, ಕಲೆ ಬೀಳತೈತಿ."

ದುರುಗವ್ವ ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡ್‌ನ ಆ ಮನೆಗೆ ಬಂದು ಎರಡು ವರ್ಷ ಕಳೆದಿತ್ತು. ನೀಲಾಂಬಿಕಾಳ ಗಂಡ, ಮುದುಕರನ್ನು ನೋಡಿಕೊಳ್ಳುವ ಎರಡು ಕೇರ್ ಹೋಮ್‌ಗಳ ಮಾಲೀಕ ದೇವೇಂದ್ರಪ್ಪ, ಹಾಸಿಗೆ ಹಿಡಿದ ತನ್ನ ತಾಯಿಯ ಸೇವೆಗೆಂದು ಮುದ್ದೇಬಿಹಾಳದ ಕಡೆಯ ಹೊಲಗೇರಿಯಿಂದ ಅವಳನ್ನು ಕರೆತಂದಿದ್ದ. ತಾಯಿ ಸತ್ತಳು, ದುರುಗವ್ವನಿಗೆ ಬಿಡುಗಡೆಯಾಗಲಿಲ್ಲ. ಪಾಸ್‌ಪೋರ್ಟು ಅವನ ಕಪಾಟಿನಲ್ಲಿತ್ತು. ಮುದುಕಿಯ ಹೇಲು ಬಳಿದ ಕೈ ಈಗ ತರಕಾರಿ ಹೆಚ್ಚಬಹುದಿತ್ತು, ಪಾತ್ರೆ ತಿಕ್ಕಬಹುದಿತ್ತು. ಒಲೆ ಮುಟ್ಟುವಂತಿರಲಿಲ್ಲ. ದೇವರಕೋಣೆಯ ಹೊಸ್ತಿಲನ್ನಂತೂ ದಾಟುವಂತೆಯೇ ಇರಲಿಲ್ಲ.

ಆ ವರ್ಷ, ಅಂದರೆ ೨೦೧೪ರ ಫೆಬ್ರವರಿಯಲ್ಲಿ, ಕಸದ ಬಿನ್ನು ಎಳೆಯುತ್ತಿದ್ದಾಗ ಎದೆ ಹಿಂಡಿದಂತಾಗಿ ರಸ್ತೆಯಲ್ಲೇ ಕುಸಿದಿದ್ದಳು. ಎದುರು ಮನೆಯ ಮುದುಕಿ ಆಂಬುಲೆನ್ಸ್ ಕರೆದಳು. ಆಸ್ಪತ್ರೆಯವರು ಮುಂಗೈಯಿಂದ ತಂತಿ ತೂರಿಸಿ, ಮುಚ್ಚಿಹೋಗಿದ್ದ ಹೃದಯದ ನಾಳವನ್ನು ತೆರೆದು ಸ್ಟೆಂಟ್ ಕೂರಿಸಿದರು. ವಾರ್ಡಿನ ನರ್ಸ್ ಸೌಮ್ಯಾ ಉಡುಪಿಯವಳು. ಅವಳು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ್ದಳು.

"ನೋಡಿ ಅಮ್ಮಾ, ಇದು ಪೆನ್ನಿನ ಸ್ಪ್ರಿಂಗಿನ ಹಾಗೆ. ರಕ್ತಕ್ಕೆ ಇದು ಹೊರಗಿನದ್ದು. ಮಾತ್ರೆ ಬಿಟ್ರೆ ರಕ್ತ ಇದರ ಮೇಲೆ ಹೆಪ್ಪುಗಟ್ತದೆ, ನಾಳ ಒಮ್ಮೆಲೇ ಮುಚ್ಚಿ ಹೋಗ್ತದೆ. ಒಂದು ವರ್ಷ, ಒಂದು ದಿನವೂ ಬಿಡ್ಲಿಕ್ಕಿಲ್ಲ. ಯಾರು ಹೇಳಿದ್ರೂ ಬಿಡ್ಬೇಡಿ."

"ಹೊರಗಿನವ್ರನ್ನ ಕಂಡ್ರ ರಕ್ತಕ್ಕೂ ಆಗಂಗಿಲ್ಲೇನವ್ವಾ? ನಮ್ಮೂರ ಗೌಡರ ಪೈಕಿನ ಇರಬೇಕ ಬಿಡು," ಎಂದು ದುರುಗವ್ವ ನಕ್ಕಿದ್ದಳು.

ಈಗ ನೀಲಾಂಬಿಕಾಗೆ ಬಸವ ಜಯಂತಿಯದೇ ಚಿಂತೆ. ಇನ್ನು ಹದಿನಾಲ್ಕು ದಿನಕ್ಕೆ ಸ್ಕೂಲಿನ ಸಭಾಂಗಣದಲ್ಲಿ ನೂರೈವತ್ತು ಜನ ಸೇರುವವರಿದ್ದರು. ದೇವೇಂದ್ರಪ್ಪನೇ ಅಧ್ಯಕ್ಷ. ಅಂದು ಮಾತ್ರ ದುರುಗವ್ವನೇ ಎಲ್ಲರಿಗೂ ಬಡಿಸಬೇಕೆಂದು ಗಂಡ ಹೆಂಡತಿ ಗೊತ್ತುಮಾಡಿದ್ದರು. ತಮ್ಮ ಮನೆಯಲ್ಲಿ ಭೇದಭಾವ ಇಲ್ಲವೆಂದು ಜನ ಕಣ್ಣಾರೆ ನೋಡಬೇಕಲ್ಲ!

"ಜಯಂತಿ ಮುಗಿಯೂತನಾ ಗುಳಿಗಿ ಬಂದ್," ಎಂದು ನೀಲಾಂಬಿಕಾ ಡಬ್ಬಿ ಕಸಿದುಕೊಂಡು ಹೋಗಿ ದೇವರಕೋಣೆಯಲ್ಲಿಟ್ಟಳು. "ಅಲ್ಲಿದ್ರ ನಿನ್ನ ಕೈಗೆ ಹತ್ತಂಗಿಲ್ಲ."

ದುರುಗವ್ವ ದೇವೇಂದ್ರಪ್ಪನ ಮುಂದೆ ಹೋಗಿ ನಿಂತಳು. "ಸಾವ್ಕಾರ್ರ, ಒಂದ ದಿನಾನೂ ಬಿಡಬಾರದಂತ್ರೀ."

"ಎರಡ ಕೇರ್ ಹೋಮ್ ನಡಸಾಂವಗ ಗುಳಿಗಿ ವಿಚಾರ ಕಲಿಸ್ತೀಯೇನ? ಹದಿನೈದ ದಿನದಾಗ ಸತ್ತರ ನನ್ನ ಕೇಳು."

"ಸತ್ತ ಮ್ಯಾಲ ಹೆಂಗ ಕೇಳ್ಲಿರೀ?"

"ಬಾಯಿ ಮುಚ್ಚ, ಹಲ್ಕಟ್ ಮೂಳಿ! ನಾಳಿನ ವಿಮಾನಾನ ಹತ್ತಸ್ತೀನಿ ನೋಡು."

ಮೂರು ದಿನ ಗುಳಿಗೆ ತಪ್ಪಿತು. ನಾಲ್ಕನೆಯ ದಿನ ಕಸ ಹೀರುವ ಹೂವರ್ ಯಂತ್ರ ಹೊತ್ತು ಮೆಟ್ಟಿಲೇರುವಾಗ ಎದೆ ಬಿಗಿದು ಉಸಿರು ಸಿಕ್ಕಿಕೊಂಡಿತು. ಮೆಟ್ಟಿಲ ಮೇಲೇ ಕುಳಿತಳು. ಒಳಗೆ ಆ ಸ್ಪ್ರಿಂಗಿನ ಮೇಲೆ ರಕ್ತ ಹನಿಹನಿಯಾಗಿ ಗಟ್ಟಿಯಾಗುತ್ತಿರುವುದು ಕಣ್ಣಿಗೆ ಕಟ್ಟಿದಂತಾಯಿತು. ಬಿಗಿತ ನಿಧಾನವಾಗಿ ಸಡಿಲಿತು. ಅದು ಬರೀ ಹೆದರಿಕೆಯೋ, ನಿಜವಾಗಿಯೂ ರಕ್ತ ಕಟ್ಟುತ್ತಿತ್ತೋ ಅವಳಿಗೆ ತಿಳಿಯಲಿಲ್ಲ. "ನಿಮ್ಮ ಬಾಯಾಗ ಮಣ್ಣ ಹಾಕ," ಎಂದು ಎದ್ದಳು. ನೀಲಾಂಬಿಕಾ ಜಿಮ್‌ಗೆ ಹೋಗಿದ್ದಳು. ದುರುಗವ್ವ ನೆಟ್ಟಗೆ ದೇವರಕೋಣೆಯೊಳಗೆ ಕಾಲಿಟ್ಟಳು.

ಗುಡುಗಲಿಲ್ಲ, ಸಿಡಿಲು ಬಡಿಯಲಿಲ್ಲ, ದೀಪ ಕೂಡ ಅಲುಗಾಡಲಿಲ್ಲ. ಗುಳಿಗೆ ಬಾಯಿಗೆ ಹಾಕಿಕೊಂಡು, ಅಭಿಷೇಕಕ್ಕೆ ತುಂಬಿಟ್ಟಿದ್ದ ಬೆಳ್ಳಿ ಲೋಟದ ನೀರನ್ನು ಗಟಗಟ ಕುಡಿದಳು. ಅಂದಿನಿಂದ ದಿನವೂ ಅದೇ ಪೂಜೆ. ಎರಡನೆಯ ದಿನದಿಂದ ನೈವೇದ್ಯದ ಕಲ್ಲುಸಕ್ಕರೆಯೂ ಒಂದೊಂದು ಚೂರು ಸೇರಿತು. "ಬಾಯಿ ಕಹಿ ಆಗೈತಿ, ಸಿಟ್ಟಾಗಬ್ಯಾಡ," ಎಂದು ಲಿಂಗಕ್ಕೆ ಹೇಳುತ್ತಿದ್ದಳು. ಕಲ್ಲುಸಕ್ಕರೆ ಕರಗುತ್ತಿದೆಯಲ್ಲ ಎಂದು ನೀಲಾಂಬಿಕಾ ಗೊಣಗಿದರೆ, "ಇಲಿ ಇರಬೇಕ್ರೀ ಅಕ್ಕಾರ, ಇಲ್ಲಿ ಇಲಿ ಭಾಳ ಭಕ್ತಿವಂತವು," ಎನ್ನುತ್ತಿದ್ದಳು.

ಜಯಂತಿಯ ಹೊತ್ತಿಗೂ ಕಲೆಗಳು ಹೋಗಲಿಲ್ಲ. ನೀಲಾಂಬಿಕಾ ಹಲ್ಲು ಕಡಿದು, ಉದ್ದ ತೋಳಿನ ಸ್ವೆಟರ್ ತೊಡಿಸಿ ಕರೆದುಕೊಂಡು ಹೋದಳು. ಊಟಕ್ಕೆ ಮುಂಚೆ ಸ್ಟಾಕ್‌ಪೋರ್ಟ್‌ನಿಂದ ಬಂದಿದ್ದ ಹೃದಯದ ಡಾಕ್ಟರು ರಾಮಚಂದ್ರ ಹೃದಯದ ಆರೋಗ್ಯದ ಬಗ್ಗೆ ಅರ್ಧ ಗಂಟೆ ಮಾತಾಡಿದರು.

"ಯಾರಾದ್ರೂ ಏನಾದ್ರೂ ಕೇಳೋದಿದ್ಯಾ?"

"ನಂದೊಂದ ಐತ್ರೀ," ಎಂದು ಹಿಂದಿನಿಂದ ದನಿ ಬಂತು. ಸೌಟು ಹಿಡಿದ ಕೈ ಎತ್ತಿ ದುರುಗವ್ವ ನಿಂತಿದ್ದಳು. "ಮೂರ ತಿಂಗಳ ಹಿಂದ ಎದಿಯಾಗ ಸ್ಪ್ರಿಂಗ್ ಕೂಡ್ರಿಸಿದ ಹೆಣಮಗಳ ಗುಳಿಗಿ ಕಸಗೊಂಡು ಬಚ್ಚಿಟ್ರ ಏನಾಕ್ಕೈತ್ರಿ?"

"ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಬಹುದಮ್ಮ. ಕಟ್ಟಿದ್ರೆ ಎಷ್ಟೋ ಜನ ಉಳಿಯೋದೇ ಇಲ್ಲ. ಅಂಥ ಕೆಲಸ ಯಾರು ಮಾಡ್ತಾರೆ? ಬುದ್ಧಿಗೆಟ್ಟವರು."

"ಬುದ್ಧಿ ಭಾಳ ಐತ್ರೀ ಅವ್ರಿಗೆ. ಈಗ ನಿಮಗ ಹಾರ ಹಾಕಿದವ್ರೂ ಅವ್ರ."

ನೀಲಾಂಬಿಕಾ ಎದ್ದು ನಿಂತು ಕಿರುಚಿದಳು: "ಸುಳ್ಳಾಡ್ತಾಳ! ಗುಳಿಗಿ ಇಟ್ಟಲ್ಲೇ ಅದಾವು, ದೇವರಕೋಣ್ಯಾಗ!"

ತಾನು ಏನು ಹೇಳಿದೆನೆಂದು ನೀಲಾಂಬಿಕಾಗೆ ತಿಳಿಯುವಷ್ಟರಲ್ಲಿ ನೂರೈವತ್ತು ಜೊತೆ ಕಣ್ಣು ಅವಳ ಮೇಲಿದ್ದವು.

"ಇಟ್ಟಷ್ಟ ಇಲ್ರೀ ಅಕ್ಕಾರ. ಹನ್ನೊಂದ ದಿನ ಒಳಗ ಹೋಗಿ ತಿಂದೀನಿ. ನಿಮ್ಮ ದೇವ್ರ ಬೆಳ್ಳಿ ಲೋಟದಾಗ ನೀರ ಕುಡದೀನಿ."

"ಅಯ್ಯೋ ಶಿವನೇ!"

"ಶಿವಾ ಏನೂ ಅನ್ಲಿಲ್ರೀ."

ಹಿಂದೆ ಕುಳಿತಿದ್ದ ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ಡಾಕ್ಟರು ನಗಲಿಲ್ಲ. ಕೆಳಗಿಳಿದು ಬಂದು ನಾಡಿ ಹಿಡಿದು, ಎಷ್ಟು ದಿನ ತಪ್ಪಿತೆಂದು ಕೇಳಿದರು. "ನಾಳೆ ಬೆಳಿಗ್ಗೆನೇ ನಿಮ್ಮ ಜಿಪಿ ಡಾಕ್ಟ್ರ ಹತ್ರ ಹೋಗಿ. ಎದೆನೋವು ಬಂದ್ರೆ ತಕ್ಷಣ ಆಂಬುಲೆನ್ಸ್. ಮಾತ್ರೆ ನಿಮ್ಮ ಕೈಯಲ್ಲೇ ಇರ್ಬೇಕು."

ದೇವೇಂದ್ರಪ್ಪ ಬಳಿ ಬಂದು ಕಿವಿಯಲ್ಲಿ ಉಸುರಿದ: "ಮನಿಗೆ ನಡಿ, ತೋರಸ್ತೀನಿ."

"ಮನಿಗೆ ಯಾಕ್ರೀ? ಇಲ್ಲೇ ತೋರಸ್ರಿ, ಮಂದಿ ಐತಿ!"

ಅವನು ಹಿಂದೆ ಸರಿದ. ದುರುಗವ್ವ ಸೌಟನ್ನು ಮೇಜಿನ ಮೇಲಿಟ್ಟು, ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಕುಳಿತಳು. ಪ್ರೇರಣಾ ಎಂಬ ವಿದ್ಯಾರ್ಥಿನಿ ಪಕ್ಕಕ್ಕೆ ಬಂದು ಕುಳಿತಳು.

"ಆಂಟಿ, ಮತ್ತೆ ಅದೇ ಮನೆಗೆ ಹೋಗ್ತೀರಾ?"

"ಗುಳಿಗಿ ತರಬೇಕಲ್ಲವಾ. ಪಾಸ್‌ಪೋರ್ಟೂ ಅಲ್ಲೇ ಐತಿ. ಕೊಡ್ತಾರೋ ಇಲ್ಲೋ."

"ನಾವೂ ಬರ್ತೀವಿ. ನಾಲ್ಕು ಜನ ಇದೀವಿ."

ಅಷ್ಟರಲ್ಲಿ ಜನ ತಟ್ಟೆ ಹಿಡಿದು ಸಾಲು ನಿಂತಿದ್ದರು. ಬಡಿಸುವವರಿಲ್ಲ. ದುರುಗವ್ವ ಕುರ್ಚಿಯಲ್ಲೇ ಕುಳಿತು ಇಡೀ ಸಭೆಗೆ ಕೇಳುವಂತೆ ಕೂಗಿದಳು:

"ಸಾವ್ಕಾರ್ರ, ಸೌಟು ಅಲ್ಲೈತಿ ನೋಡ್ರಿ. ಮೊದಲ ನನಗ ಹಾಕ್ರಿ. ಸಾರಿನ ಮ್ಯಾಲಿನ ಎಣ್ಣಿ ಬ್ಯಾಡ, ತಳದಾಗಿಂದು ಹಾಕ್ರಿ."